ಎಳೆದರೆ ಬಿಗಿಯುವ ಕುಣಿಕೆ: ಪ್ರೋಟೀನ್ ಬಂಧದ ಆಯಸ್ಸನ್ನು ಹರಿವಿನಲ್ಲಿ ಅಳೆಯುವುದು ಹೇಗೆ

ಪ್ರತಿ ವರ್ಷ ಜೂನ್ ಬಂತೆಂದರೆ ನಮ್ಮ ಲ್ಯಾಬಿಗೆ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರು ಬರುತ್ತಾರೆ. ಮೊದಲ ವಾರದಲ್ಲೇ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಮೇಡಂ, ಈ ಎರಡು ಪ್ರೋಟೀನ್‌ಗಳ ಬಾಂಡ್ ಎಷ್ಟು ಗಟ್ಟಿ? ಎಷ್ಟು ಬಲ ಹಾಕಿದರೆ ಕಿತ್ತು ಬರುತ್ತೆ?” ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಈ ಪ್ರಶ್ನೆಗೆ ಒಂದು ಸಂಖ್ಯೆ ಹೇಳಿ ಕಳಿಸಲು ನನಗೆ ಇವತ್ತಿಗೂ ಆಗಿಲ್ಲ.

ಯಾಕೆಂದರೆ ಅಂಥ ಸಂಖ್ಯೆ ಇಲ್ಲ. ಯಾರೂ ಎಳೆಯದಿದ್ದರೂ ಪ್ರೋಟೀನ್ ಬಂಧ ಒಂದಲ್ಲ ಒಂದು ಗಳಿಗೆ ತಾನೇ ಬಿಟ್ಟುಕೊಳ್ಳುತ್ತದೆ. ಸುತ್ತಲಿನ ನೀರಿನ ಕಣಗಳು ಬಿಡುವಿಲ್ಲದೆ ಗುದ್ದುತ್ತಿರುತ್ತವೆ, ಯಾವುದೋ ಒಂದು ಗುದ್ದಿಗೆ ಹಿಡಿತ ತಪ್ಪುತ್ತದೆ. ನಾವು ಎಳೆದಾಗ ಆ ಗಳಿಗೆ ಹಿಂದೆ ಮುಂದೆ ಆಗುತ್ತದೆ, ಅಷ್ಟೇ. 1994ರಲ್ಲಿ ಜರ್ಮನಿಯ ಹರ್ಮನ್ ಗೌಬ್ ಅವರ ತಂಡ ಅವಿಡಿನ್–ಬಯೋಟಿನ್ ಜೋಡಿಯನ್ನು (ಒಂದು ಪ್ರೋಟೀನ್, ಅದು ಬಿಗಿಯಾಗಿ ಹಿಡಿಯುವ ಒಂದು ವಿಟಮಿನ್) ಎಎಫ್‌ಎಂ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್) ಎಂಬ ಉಪಕರಣದ ಸಣ್ಣ ಸೂಜಿಯಿಂದ ಎಳೆದು, ಕೀಳಲು ಬೇಕಾದ ಬಲ ಸುಮಾರು 160 ಪಿಕೋನ್ಯೂಟನ್ (ಒಂದು ಪಿಕೋನ್ಯೂಟನ್ ಎಂದರೆ ನ್ಯೂಟನ್ನಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು) ಎಂದು ಅಳೆಯಿತು. ಅದೇ ಜೋಡಿಯನ್ನು ಮೆಲ್ಲಗೆ ಎಳೆಯಿರಿ, ತೀರಾ ಕಡಿಮೆ ಬಲಕ್ಕೇ ಕೈಬಿಡುತ್ತದೆ. ಎರಡೂ ಸರಿಯೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಇಷ್ಟು ಬಲದಲ್ಲಿ ಎಳೆಯುತ್ತಲೇ ಇದ್ದರೆ ಬಂಧ ಎಷ್ಟು ಹೊತ್ತು ಬಾಳುತ್ತದೆ?

ಅದನ್ನು ಅಳೆಯುವ ಒಂದು ವಿಧಾನ ಇಲ್ಲಿ ಬರೆಯುತ್ತಿದ್ದೇನೆ. ಎಎಫ್‌ಎಂ ಬೇಡ, ಲೇಸರ್ ಬೇಡ. ಒಂದು ಮೈಕ್ರೋಸ್ಕೋಪ್, ವೇಗವಾಗಿ ಚಿತ್ರ ಹಿಡಿಯುವ ಕ್ಯಾಮೆರಾ, ಒಂದು ಸಿರಿಂಜ್ ಪಂಪ್, ಮತ್ತು ಜಾಸ್ತಿ ತಾಳ್ಮೆ ಇದ್ದರೆ ಸಾಕು.

ಬಾವಿ ಹಗ್ಗ ಮತ್ತು ಲಂಗದ ಲಾಡಿ

ಲಂಗದ ಲಾಡಿಯ ಗಂಟು ಗೊತ್ತಲ್ಲ, ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ. ಜಾಸ್ತಿ ಎಳೆದಷ್ಟೂ ಬೇಗ. ಹೆಚ್ಚಿನ ಪ್ರೋಟೀನ್ ಬಂಧಗಳು ಹೀಗೇ ಇರುತ್ತವೆ ಎಂದು ಎಲ್ಲರೂ ನಂಬಿದ್ದರು. ಇದಕ್ಕೆ ಲೆಕ್ಕ ಹಾಕಿಕೊಟ್ಟವರು ಅಮೆರಿಕದ ಲಾಸ್ ಅಲಾಮೋಸ್‌ನ ಜಾರ್ಜ್ ಬೆಲ್, 1978ರಲ್ಲಿ. ಬಲವನ್ನು, ಬಂಧ ಬಿಟ್ಟುಕೊಳ್ಳುವ ಮೊದಲು ಹಿಗ್ಗುವ ಒಂದು ಚಿಕ್ಕ ದೂರದಿಂದ ಗುಣಿಸಿ, ಬಂದದ್ದನ್ನು ಶಾಖದ ಗುದ್ದಾಟದ ಶಕ್ತಿಯಿಂದ ಭಾಗಿಸಬೇಕು. ಕೋಣೆಯ ಉಷ್ಣತೆಯಲ್ಲಿ ಆ ಶಕ್ತಿ ಸುಮಾರು 4.1 ಪಿಕೋನ್ಯೂಟನ್-ನ್ಯಾನೋಮೀಟರ್. ಉದಾಹರಣೆಗೆ 10 ಪಿಕೋನ್ಯೂಟನ್ ಬಲ, ಅರ್ಧ ನ್ಯಾನೋಮೀಟರ್ ದೂರ ಎಂದಿಟ್ಟುಕೊಂಡರೆ 5ನ್ನು 4.1ರಿಂದ ಭಾಗಿಸಿದಾಗ ಸುಮಾರು 1.2 ಬರುತ್ತದೆ. ಅದನ್ನು e ಎಂಬ ಸಂಖ್ಯೆಯ (ಸುಮಾರು 2.718) ಘಾತಕ್ಕೆ ಹಾಕಿದರೆ ಬಂಧದ ಆಯಸ್ಸು ಸುಮಾರು 3.4 ಪಟ್ಟು ಕಡಿಮೆಯಾಗುತ್ತದೆ. ಇದಕ್ಕೆ ಸ್ಲಿಪ್ ಬಾಂಡ್ ಎನ್ನುತ್ತಾರೆ.

ಈಗ ನಮ್ಮಜ್ಜಿ ಮನೆಯ ಬಾವಿ ನೆನಪಿಸಿಕೊಳ್ಳುತ್ತೇನೆ. ಹಗ್ಗದ ತುದಿಯಲ್ಲಿ ಜೀರುಗುಣಿಕೆ. ಕೊಡದ ಕುತ್ತಿಗೆಗೆ ಸುಮ್ನೆ ತೂರಿಸಿ ಬಾವಿಗೆ ಇಳಿಸಿದರೆ ಆಯಿತು. ನೀರು ತುಂಬಿದ ಕೊಡ ಮೇಲೆ ಬರುವಾಗ ಕುಣಿಕೆ ಕಚ್ಚಿಕೊಂಡಿರುತ್ತದೆ. ಕಟ್ಟೆಯ ಮೇಲೆ ಕೊಡ ಇಟ್ಟ ತಕ್ಷಣ ಸಡಿಲ, ಒಂದೇ ಕೈಯಲ್ಲಿ ತೆಗೆಯಬಹುದು. ಖಾಲಿ ಕೊಡ ಇಳಿಸುವಾಗಲೇ ಅಜ್ಜಿ ಬಯ್ಯುತ್ತಿದ್ದದ್ದು, ತುಂಬಿದ ಕೊಡ ಎಳೆಯುವಾಗ ಅಲ್ಲ. ಭಾರವಿಲ್ಲದಾಗ ಕುಣಿಕೆ ಜಾರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಪ್ರೋಟೀನ್‌ಗಳಲ್ಲೂ ಇಂಥ ಕುಣಿಕೆ ಇರಬಹುದು ಎಂದು ಮಿಕಾ ಡೆಂಬೊ ಮತ್ತು ಸಂಗಡಿಗರು 1988ರಲ್ಲಿ ಕಾಗದದ ಮೇಲೆ ತೋರಿಸಿದರು. ಕ್ಯಾಚ್ ಬಾಂಡ್ ಎಂದು ಹೆಸರಿಟ್ಟರು. ಒಂದೊಂದೇ ಬಂಧವನ್ನು ಹಿಡಿದು ಎಳೆದು ಅದನ್ನು ಕಣ್ಣಾರೆ ಕಾಣಲು 15 ವರ್ಷ ಬೇಕಾಯಿತು. 2003ರಲ್ಲಿ ಚೆಂಗ್ ಝು ಮತ್ತು ರಾಜರ್ ಮೆಕೀವರ್ ಅವರ ತಂಡಗಳು ಪಿ-ಸೆಲೆಕ್ಟಿನ್ ಮತ್ತು ಪಿಎಸ್‌ಜಿಎಲ್-1 ಎಂಬ ಜೋಡಿಯಲ್ಲಿ ಅದನ್ನು ಅಳೆದವು. ಬಲ ಏರಿಸಿದಾಗ ಆಯಸ್ಸು ಮೊದಲು ಏರಿತು. ಒಂದು ಹಂತ ದಾಟಿದ ಮೇಲೆ ಇಳಿಯಿತು.

ಈ ಜೋಡಿಯ ಕೆಲಸ ನಮ್ಮ ರಕ್ತನಾಳದ ಒಳಗೆ. ಎಲ್ಲಾದರೂ ಗಾಯವಾಗಿ ಬಾತುಕೊಂಡರೆ ಅಲ್ಲಿನ ನಾಳದ ಒಳಗೋಡೆ ಪಿ-ಸೆಲೆಕ್ಟಿನ್ ಅನ್ನು ಮೇಲಕ್ಕೆ ತರುತ್ತದೆ. ಬಿಳಿ ರಕ್ತಕಣದ ಮೈಮೇಲೆ ಪಿಎಸ್‌ಜಿಎಲ್-1 ಇರುತ್ತದೆ. ಹರಿವಿನಲ್ಲಿ ಓಡುತ್ತಿದ್ದ ಕಣ ಗೋಡೆಗೆ ಹಿಡಿದು, ಬಿಟ್ಟು, ಮತ್ತೆ ಹಿಡಿದು ಮೆಲ್ಲಗೆ ಉರುಳುತ್ತದೆ. ಪಿ-ಸೆಲೆಕ್ಟಿನ್‌ನ ಸೋದರ ಎಲ್-ಸೆಲೆಕ್ಟಿನ್‌ನಲ್ಲಿ ಇನ್ನೊಂದು ವಿಚಿತ್ರ ಇದೆ. ಹರಿವು ತೀರಾ ಕಡಿಮೆಯಾದರೆ ಉರುಳುತ್ತಿದ್ದ ಕಣಗಳು ಗೋಡೆ ಬಿಟ್ಟು ಹೊರಟುಬಿಡುತ್ತವೆ. 1996ರಲ್ಲಿ ಇದನ್ನು ಕಂಡಾಗ ಎಲ್ಲರೂ ತಲೆ ಕೆರೆದುಕೊಂಡರಂತೆ. ಕೊಡ ಕಟ್ಟೆ ಮೇಲೆ ಇಟ್ಟ ಹಾಗೆ, ಅಲ್ವಾ?

ನಾವು ಅಳೆಯುವುದು ಪಿ-ಸೆಲೆಕ್ಟಿನ್, ಪಿಎಸ್‌ಜಿಎಲ್-1 ಜೋಡಿಯನ್ನು. ಪಿ-ಸೆಲೆಕ್ಟಿನ್ ಗಾಜಿನ ಮೇಲೆ, ಪಿಎಸ್‌ಜಿಎಲ್-1 ಸಣ್ಣ ಮಣಿಗಳ ಮೈಮೇಲೆ. ಮಣಿಗಳನ್ನು ಹರಿವಿನಲ್ಲಿ ಬಿಟ್ಟು, ಗಾಜಿಗೆ ಹಿಡಿದು ಎಷ್ಟು ಹೊತ್ತು ನಿಲ್ಲುತ್ತವೆ ಎಂದು ನೋಡುತ್ತೇವೆ.

ಚೇಂಬರ್

ಎರಡು ಗಾಜು, ನಡುವೆ ಕಿಟಕಿ ಕತ್ತರಿಸಿದ ಸಿಲಿಕೋನ್ ಹಾಳೆ, ಎರಡು ತುದಿಗೆ ಕೊಳವೆ. ಹರಿವಿನ ಚೇಂಬರ್ ಎಂದರೆ ಇಷ್ಟೇ. ನಮ್ಮದು 5 ಮಿ.ಮೀ. ಅಗಲ, 0.25 ಮಿ.ಮೀ. ಎತ್ತರ. ಗೋಡೆಯ ಮೇಲೆ, ಅಂದರೆ ಗಾಜಿನ ಮೇಲೆ, ನೀರು ಹಾಕುವ ಶಿಯರ್ (ಹರಿವು ಗೋಡೆಯನ್ನು ಸವರಿ ಎಳೆಯುವ ಒತ್ತಡ) ಲೆಕ್ಕ ಸುಲಭ: 6 ಗುಣಿಸು ಸ್ನಿಗ್ಧತೆ (ದ್ರವ ಎಷ್ಟು ಮಂದ ಎಂಬುದು) ಗುಣಿಸು ಹರಿವು, ಅದನ್ನು ಅಗಲದಿಂದಲೂ ಎತ್ತರದ ವರ್ಗದಿಂದಲೂ ಭಾಗಿಸು. ನಮ್ಮ ಚೇಂಬರಿನಲ್ಲಿ 0.1 ಪಾಸ್ಕಲ್ ಬೇಕೆಂದರೆ ಪಂಪನ್ನು ನಿಮಿಷಕ್ಕೆ 0.31 ಮಿ.ಲೀ.ಗೆ ಇಡಬೇಕು.

ಆ ಸೂತ್ರದಲ್ಲಿ ಎತ್ತರದ ವರ್ಗ ಇದೆ ನೋಡಿ, ಅಲ್ಲೇ ಎಲ್ಲರೂ ಬೀಳುವುದು. ಸ್ಕ್ರೂ ಜಾಸ್ತಿ ಬಿಗಿದು ಸಿಲಿಕೋನ್ 10 ಶೇಕಡಾ ಒತ್ತಿಹೋದರೆ ಶಿಯರ್ 23 ಶೇಕಡಾ ಏರುತ್ತದೆ. ಪ್ಯಾಕೆಟ್ ಮೇಲೆ ಬರೆದ ದಪ್ಪ ನಂಬಬೇಡಿ. ಚೇಂಬರ್ ಜೋಡಿಸಿದ ಮೇಲೆ ಮೈಕ್ರೋಸ್ಕೋಪಿನಲ್ಲಿ ಕೆಳಗಿನ ಗಾಜಿಗೆ ಫೋಕಸ್ ಮಾಡಿ, ಆಮೇಲೆ ಮೇಲಿನ ಗಾಜಿಗೆ ಮಾಡಿ, ನಡುವಿನ ಅಂತರ ಓದಿಕೊಳ್ಳಿ. ನೀರು ತುಂಬಿದ್ದರೆ ಆ ಓದನ್ನು ನೀರಿನ ವಕ್ರೀಭವನಾಂಕ 1.33ರಿಂದ ಗುಣಿಸುವುದು ಮರೆಯಬೇಡಿ, ಒಣ ಲೆನ್ಸ್ ಆಗಿದ್ದರೆ.

ಸ್ನಿಗ್ಧತೆಯೂ ಕೈ ಕೊಡುತ್ತದೆ. ನೀರಿಗೆ 20 ಡಿಗ್ರಿಯಲ್ಲಿ 1.0 ಮಿಲಿಪಾಸ್ಕಲ್-ಸೆಕೆಂಡ್ ಇದ್ದದ್ದು 25 ಡಿಗ್ರಿಯಲ್ಲಿ 0.89. ಮಧ್ಯಾಹ್ನ ಕರೆಂಟ್ ಹೋಗಿ ಎಸಿ ನಿಂತಿತು ಎಂದರೆ ನಿಮ್ಮ ಬಲ ಹತ್ತು ಶೇಕಡಾ ಬದಲಾಗಿರುತ್ತದೆ. ಚೇಂಬರ್ ಪಕ್ಕ ಒಂದು ಥರ್ಮಾಮೀಟರ್ ಇಡಿ. ಕೋಣೆಯ ಗೋಡೆಯ ಮೇಲಿನದ್ದು ಅಲ್ಲ, ಚೇಂಬರ್ ಪಕ್ಕದ್ದು.

ಪಂಪಿನಿಂದ ದ್ರವವನ್ನು ತಳ್ಳಬೇಡಿ, ಹೊರಗಿನ ತುದಿಯಿಂದ ಎಳೆದುಕೊಳ್ಳಿ. ಗುಳ್ಳೆ ಕಡಿಮೆ. ಫ್ರಿಜ್ಜಿನಿಂದ ತೆಗೆದ ಬಫರನ್ನು (ಆಮ್ಲತೆ ಬದಲಾಗದಂತೆ ಕಾಯುವ ದ್ರಾವಣ) ಹಾಗೇ ಬಿಟ್ಟರೆ ಬಿಸಿಯಾಗುತ್ತಾ ಗಾಳಿ ಉಗುಳುತ್ತದೆ. ಒಂದು ಗುಳ್ಳೆ ಹಾದುಹೋದರೆ ಗಾಜಿನ ಮೇಲಿನ ಪ್ರೋಟೀನ್ ಪದರವನ್ನೇ ಒರೆಸಿಕೊಂಡು ಹೋಗುತ್ತದೆ. ಆ ಚೇಂಬರನ್ನು ಎಸೆಯುವುದೇ ವಾಸಿ, ಗುಳ್ಳೆ ಚಿಕ್ಕದು ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಇನ್ನೊಂದು, ಪ್ಲಾಸ್ಟಿಕ್ ಸಿರಿಂಜಿನ ರಬ್ಬರ್ ಕಡಿಮೆ ವೇಗದಲ್ಲಿ ಕಚ್ಚಿ ಬಿಟ್ಟು ಕಚ್ಚಿ ಬಿಟ್ಟು ಚಲಿಸುತ್ತದೆ. ಹರಿವು ಮಿಡಿಯುತ್ತದೆ. ನಿಮಿಷಕ್ಕೆ 0.1 ಮಿ.ಲೀ.ಗಿಂತ ಕೆಳಗೆ ನಾನು ಗಾಜಿನ ಸಿರಿಂಜ್ ಮಾತ್ರ ಬಳಸುತ್ತೇನೆ.

ಮಣಿ ಎಷ್ಟು ದಪ್ಪ ಇರಬೇಕು

ಬಿಳಿ ರಕ್ತಕಣವನ್ನೇ ಬಳಸಬಹುದಲ್ಲ ಎನ್ನುತ್ತೀರಿ. ಬಳಸಬಹುದು, ಆದರೆ ಮೊದಲಿಗೆ ಬೇಡ. ಒಂದು ಲೆಕ್ಕ ನೋಡಿ. ಗೋಡೆಗೆ ತಾಗಿ ನಿಂತ ಗುಂಡಿನ ಮೇಲೆ ಹರಿವು ಹಾಕುವ ಬಲ ಸುಮಾರು 32 ಗುಣಿಸು ತ್ರಿಜ್ಯದ ವರ್ಗ ಗುಣಿಸು ಶಿಯರ್. ಬಿಳಿ ರಕ್ತಕಣದ ತ್ರಿಜ್ಯ 4.25 ಮೈಕ್ರಾನ್ ಎಂದರೆ 0.1 ಪಾಸ್ಕಲ್‌ನಲ್ಲಿ 58 ಪಿಕೋನ್ಯೂಟನ್. ಬಂಧ ಓರೆಯಾಗಿ ಎಳೆಯುವುದರಿಂದ ಅದರ ಮೇಲೆ ಬೀಳುವುದು 120ಕ್ಕೂ ಮೇಲೆ. ಅಷ್ಟರಲ್ಲಿ ಕುಣಿಕೆಯ ಆಟ ಮುಗಿದಿರುತ್ತದೆ. ನಮಗೆ ಬೇಕಾದ ಏರಿಕೆ ಇರುವುದು 5ರಿಂದ 30 ಪಿಕೋನ್ಯೂಟನ್ ಒಳಗೆ. ಒಂಟಿ ಪಿಎಸ್‌ಜಿಎಲ್-1 ಆದರೆ ಆಯಸ್ಸಿನ ಶಿಖರ ಸುಮಾರು 10ರ ಹತ್ತಿರ, ಎರಡು ಪಿಎಸ್‌ಜಿಎಲ್-1 ಒಟ್ಟಿಗೆ ಸೇರಿದ್ದಕ್ಕೆ ಅದರ ಸುಮಾರು ಎರಡು ಪಟ್ಟು. ಕಣ ಬಳಸಿದರೆ ಶಿಯರನ್ನು ತೀರಾ ಇಳಿಸಬೇಕು, ಪಂಪು ಮಿಡಿಯಲು ಶುರು ಮಾಡುತ್ತದೆ. ಮೇಲಾಗಿ ಜೀವಂತ ಕಣದ ಪೊರೆ ಎಳೆದಂತೆ ಉದ್ದವಾಗುತ್ತದೆ, ಬಲದ ಲೆಕ್ಕ ಕೈಗೆ ಸಿಗುವುದಿಲ್ಲ.

3 ಮೈಕ್ರಾನ್ ವ್ಯಾಸದ ಪಾಲಿಸ್ಟೈರೀನ್ ಮಣಿ ತೆಗೆದುಕೊಳ್ಳಿ. ತ್ರಿಜ್ಯ 1.5. ಅದೇ 0.1 ಪಾಸ್ಕಲ್‌ನಲ್ಲಿ ಹರಿವಿನ ಬಲ 7 ಪಿಕೋನ್ಯೂಟನ್ ಚಿಲ್ಲರೆ. ಎಷ್ಟು ಕಡಿಮೆ ಎಂದು ತಿಳಿಯಬೇಕಾದರೆ ಒಗ್ಗರಣೆ ಡಬ್ಬಿಗೆ ಹೋಗಿ. ಒಂದು ಸಾಸಿವೆ ಕಾಳು ಸುಮಾರು 2 ಮಿಲಿಗ್ರಾಂ. ಅದರ ತೂಕವನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು 20 ಪಿಕೋನ್ಯೂಟನ್.

ಓರೆಯ ಮಾತು ಹೇಳಿದೆನಲ್ಲ, ಅದನ್ನು ಬಿಡಬಾರದು. ಪೆಂಡಾಲ್ ಕಂಬಕ್ಕೆ ಹಗ್ಗ ಕಟ್ಟಿ ಗೂಟ ಹೊಡೆಯುತ್ತಾರೆ. ಗೂಟ ಕಂಬದ ಬುಡಕ್ಕೆ ಹತ್ತಿರವಾದಷ್ಟೂ ಗಾಳಿ ಬಂದಾಗ ಹಗ್ಗದ ಮೇಲೆ ಎಳೆತ ಜಾಸ್ತಿ. ಮಣಿಯದ್ದೂ ಅದೇ ಕಥೆ. ಇಲ್ಲಿ ಹಗ್ಗ ಎಂದರೆ ಎರಡು ಪ್ರೋಟೀನ್ ಸೇರಿ ಸುಮಾರು 0.1 ಮೈಕ್ರಾನ್ ಉದ್ದ, ನೆಲಕ್ಕೆ 70–75 ಡಿಗ್ರಿ ಓರೆ. ಹಾಗಾಗಿ ಬಂಧದ ಮೇಲೆ ಬೀಳುವ ಬಲ ಹರಿವಿನ ಬಲದ 3ರಿಂದ 4 ಪಟ್ಟು. 3 ಪಟ್ಟೋ 4 ಪಟ್ಟೋ ಎಂದು ನೀವೇ ಅಳೆಯಬೇಕು. ಗಟ್ಟಿಯಾಗಿ ಹಿಡಿದು ನಿಂತ ಒಂದು ಮಣಿ ಹುಡುಕಿ, ಹರಿವನ್ನು ತಿರುಗುಮುರುಗು ಮಾಡಿ. ಮಣಿ ಆ ಕಡೆಯಿಂದ ಈ ಕಡೆಗೆ ಹಾರುತ್ತದೆ, ಹೆಚ್ಚು ಕಡಿಮೆ ಒಂದು ಮೈಕ್ರಾನ್. ಆ ದೂರದ ಅರ್ಧವೇ ಗೂಟಕ್ಕೂ ಬುಡಕ್ಕೂ ಇರುವ ಅಂತರ. ಇದಕ್ಕೆ ಮಾತ್ರ ಪಿ-ಸೆಲೆಕ್ಟಿನ್ ದಟ್ಟವಾಗಿ ಬಳಿದ ಬೇರೆ ಚೇಂಬರ್ ಬೇಕು. ತೆಳುವಾಗಿ ಬಳಿದದ್ದರಲ್ಲಿ ಮಣಿ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಮಣಿ ಸ್ಟ್ರೆಪ್ಟಾವಿಡಿನ್ (ಅವಿಡಿನ್‌ನಂಥದ್ದೇ ಪ್ರೋಟೀನ್) ಬಳಿದದ್ದಿರಲಿ, ಅದಕ್ಕೆ ಬಯೋಟಿನ್ ಸೇರಿಸಿದ ಪಿಎಸ್‌ಜಿಎಲ್-1 ಅಂಟಿಸಿ. ಆ ಅಂಟು ನಾವು ಅಳೆಯುವ ಬಂಧಕ್ಕಿಂತ ಎಷ್ಟೋ ಕಾಲ ಬಾಳುವುದರಿಂದ ಬಿಡುವುದು ಯಾವುದು ಎಂಬ ಅನುಮಾನ ಬರುವುದಿಲ್ಲ. ಗಾಜಿಗೆ ಪಿ-ಸೆಲೆಕ್ಟಿನ್ ಬಳಿದು ರಾತ್ರಿಯಿಡೀ 4 ಡಿಗ್ರಿಯಲ್ಲಿ ಬಿಡಿ, ಬೆಳಿಗ್ಗೆ ಉಳಿದ ಜಾಗವನ್ನು 1 ಶೇಕಡಾ ಆಲ್ಬುಮಿನ್‌ನಿಂದ ಮುಚ್ಚಿ.

ಸುಣ್ಣ ಮರೆತ ದಿನ

ಇಲ್ಲಿ ನನ್ನ ಒಂದು ಕೆಟ್ಟ ಗುರುವಾರದ ಕಥೆ ಹೇಳಲೇಬೇಕು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ ಸಂಜೆ ಆರರವರೆಗೂ ಒಂದು ಮಣಿಯೂ ನಿಲ್ಲಲಿಲ್ಲ. ಹೊಸ ಪ್ರೋಟೀನ್ ತರಿಸಿದ್ದೆವು, ಅದೇ ಹಾಳಾಗಿದೆ ಎಂದು ಮಾರಿದವರಿಗೆ ಜೋರಾಗಿ ಮೇಲ್ ಕೂಡ ಬರೆದೆ. ಮಾರನೆಯ ದಿನ ನೋಡಿದರೆ ಬಫರ್ ಬಾಟಲಿಯಲ್ಲಿ ಇದ್ದದ್ದು ಸಾದಾ ಪಿಬಿಎಸ್, ಅಂದರೆ ಫಾಸ್ಫೇಟ್ ಇರುವ ಉಪ್ಪುನೀರು. ಕ್ಯಾಲ್ಸಿಯಂ ಇಲ್ಲ. ಸೆಲೆಕ್ಟಿನ್ ಸಕ್ಕರೆಯ ಭಾಗವನ್ನು ಹಿಡಿಯುವುದೇ ಕ್ಯಾಲ್ಸಿಯಂ ಮೂಲಕ. ಅದಿಲ್ಲದಿದ್ದರೆ ಕೈಯೇ ಇಲ್ಲ. ಕ್ಷಮೆ ಕೇಳಿ ಇನ್ನೊಂದು ಮೇಲ್ ಬರೆಯಬೇಕಾಯಿತು.

ಅವತ್ತಿನಿಂದ ಫಾಸ್ಫೇಟ್ ಇಲ್ಲದ ಹೆಪೀಸ್ ಎಂಬ ಬಫರಿಗೆ ಕ್ಯಾಲ್ಸಿಯಂ ಹಾಕಿ, ಬಾಟಲಿ ಮೇಲೆ ಕೆಂಪು ಪೆನ್ನಿನಲ್ಲಿ “ಸುಣ್ಣ ಇದೆ” ಎಂದು ಬರೆದಿಡುತ್ತೇನೆ. ಫಾಸ್ಫೇಟ್ ಇರುವ ಬಫರಿಗೆ ಕ್ಯಾಲ್ಸಿಯಂ ಹಾಕಿದರೆ ಬೆಳ್ಳಗೆ ಕೆನೆಗಟ್ಟಿ ಕೂರುವ ಸಾಧ್ಯತೆ ಇದೆ, ಅದಕ್ಕೇ ಹೆಪೀಸ್.

ಆ ಗುರುವಾರದಿಂದ ಒಂದು ಲಾಭವೂ ಆಯಿತು. ಕ್ಯಾಲ್ಸಿಯಂ ಕಿತ್ತುಕೊಳ್ಳುವುದು ಅತ್ಯುತ್ತಮ ಪರೀಕ್ಷೆ. ನಿಮ್ಮ ಮಣಿಗಳು ನಿಲ್ಲುತ್ತಿವೆ ಎಂದಾದಾಗ ಕ್ಯಾಲ್ಸಿಯಂ ಹಿಡಿದುಕೊಂಡುಬಿಡುವ ಇಡಿಟಿಎಯನ್ನು 5 ಮಿಲಿಮೋಲಾರ್ ಹರಿಸಿ. ಮಣಿಗಳು ನಿಲ್ಲುವುದೇ ತಪ್ಪಬೇಕು. ಆಮೇಲೂ ಅಂಟಿಕೊಂಡವು ಸುಮ್ನೆ ಗಾಜಿಗೆ ಮೆತ್ತಿಕೊಂಡವು. ಪಿ-ಸೆಲೆಕ್ಟಿನ್‌ನ ಹಿಡಿಯುವ ಜಾಗ ಮುಚ್ಚುವ ಜಿ1 ಎಂಬ ಆಂಟಿಬಾಡಿಯನ್ನೂ ಹಾಕಿ ನೋಡಿ. ಈ ಎರಡು ಪರೀಕ್ಷೆ ಮಾಡದೆ ಒಂದು ವಿಡಿಯೋ ಕೂಡ ಉಳಿಸಿಕೊಳ್ಳಬೇಡಿ. ಉಳಿಸಿಕೊಂಡರೆ ಮುಂದೆ ಅದನ್ನು ನಂಬುವ ಆಸೆ ಬರುತ್ತದೆ.

ಓಡಿಸುವುದು

ಮಣಿಗಳು ತಕ್ಷಣ ಗೋಡೆಗೆ ಬರುವುದಿಲ್ಲ, ಇಳಿಯಲು ಹೊತ್ತು ಬೇಕು. 3 ಮೈಕ್ರಾನ್ ಪಾಲಿಸ್ಟೈರೀನ್ ಮಣಿ ಸೆಕೆಂಡಿಗೆ ಕಾಲು ಮೈಕ್ರಾನ್ ಇಳಿಯುತ್ತದೆ. ಚೇಂಬರಿನ ಮೇಲಿನಿಂದ ಕೆಳಗೆ ಬರಲು 17 ನಿಮಿಷ. ನಾನು ಮಣಿ ತುಂಬಿಸಿ, ಪಂಪು ನಿಲ್ಲಿಸಿ, ಕಾಫಿಗೆ ಹೋಗಿ ಬರುತ್ತೇನೆ. ಬಂದು ಹರಿವು ಶುರು ಮಾಡಿದಾಗ ಇದ್ದಲ್ಲೇ ಅಂಟಿರುವ ಮಣಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇಲ್ಗಡೆಯಿಂದ ಗೋಡೆ ಸವರಿಕೊಂಡು ಬಂದು, ಗಕ್ಕನೆ ನಿಂತು, ಮತ್ತೆ ಹೊರಟವು ಮಾತ್ರ ನಮ್ಮವು.

ಮೊದಲ ಸಲ ಇದನ್ನು ಪರದೆಯ ಮೇಲೆ ನೋಡುವುದೇ ಒಂದು ಖುಷಿ. ಮಣಿಗಳು ಸಾಲಾಗಿ ಎಡದಿಂದ ಬಲಕ್ಕೆ ಓಡುತ್ತಿರುತ್ತವೆ. ಅದರಲ್ಲಿ ಒಂದು, ಯಾರೋ ಹಿಂದಿನಿಂದ ಸೆರಗು ಹಿಡಿದಂತೆ ನಿಲ್ಲುತ್ತದೆ. ಅರ್ಧ ಸೆಕೆಂಡೂ ಇಲ್ಲ. ನಿಂತಲ್ಲೇ ಸ್ವಲ್ಪ ನಡುಗುತ್ತದೆ. ಆಮೇಲೆ ಹೊರಟುಬಿಡುತ್ತದೆ. ಆ ನಡುಗುವಿಕೆಯ ಹೊತ್ತು ಒಂದೇ ಒಂದು ಅಣು ಇನ್ನೊಂದನ್ನು ಹಿಡಿದಿರುತ್ತದೆ.

ನಿಲ್ಲುವುದು ಇಷ್ಟು ಚಿಕ್ಕದಾದ್ದರಿಂದ ಕ್ಯಾಮೆರಾ ಸೆಕೆಂಡಿಗೆ 250 ಚಿತ್ರವಾದರೂ ತೆಗೆಯಬೇಕು. ಶಿಯರನ್ನು 0.02ರಿಂದ 0.2 ಪಾಸ್ಕಲ್‌ವರೆಗೆ ಆರೇಳು ಮೆಟ್ಟಿಲಲ್ಲಿ ಏರಿಸಿ. ಏರಿಸುತ್ತಲೇ ಹೋಗಬೇಡಿ, ಮೆಟ್ಟಿಲುಗಳನ್ನು ಕಲಸಿ ಹಾಕಿ. ಇಲ್ಲದಿದ್ದರೆ ಹೊತ್ತು ಕಳೆದಂತೆ ಪ್ರೋಟೀನ್ ಸೋತದ್ದು ಬಲದ ಪರಿಣಾಮದಂತೆ ಕಾಣುತ್ತದೆ. ಒಂದೊಂದು ಮೆಟ್ಟಿಲಿಗೂ 200 ನಿಲುಗಡೆ ಬೇಕು. 100 ಇದ್ದರೆ ತಪ್ಪು 10 ಶೇಕಡಾ, 400 ಇದ್ದರೆ 5.

ಒಂದೇ ಬಂಧ ಎಂದು ಹೇಗೆ ಗೊತ್ತು?

ಕಣ್ಣಿಗೆ ಗೊತ್ತಾಗುವುದಿಲ್ಲ. ಮಣಿಯನ್ನು ಹಿಡಿದಿರುವುದು ಒಂದು ಕೈಯೋ ಮೂರು ಕೈಯೋ ಕಾಣುವುದಿಲ್ಲ. ಇಲ್ಲಿ ಲೆಕ್ಕವೇ ಗತಿ. ಪಿ-ಸೆಲೆಕ್ಟಿನ್ ಅನ್ನು ಮಿ.ಲೀ.ಗೆ 1 ಮೈಕ್ರೋಗ್ರಾಂನಿಂದ ಶುರು ಮಾಡಿ ಅರ್ಧ ಅರ್ಧ ಇಳಿಸುತ್ತಾ ಹೋಗಿ, ನೋಟದೊಳಗೆ ಹಾದುಹೋಗುವ ಮಣಿಗಳಲ್ಲಿ ಹತ್ತಕ್ಕೆ ಒಂದು ಮಾತ್ರ ನಿಲ್ಲುವವರೆಗೆ. ಹತ್ತಕ್ಕೆ ಒಂದು ನಿಂತರೆ, ನಿಂತವುಗಳಲ್ಲಿ 95 ಶೇಕಡಾ ಒಂದೇ ಬಂಧದವು. ಹತ್ತಕ್ಕೆ ಎರಡು ನಿಂತರೆ 89 ಶೇಕಡಾ. ಅರ್ಧಕ್ಕರ್ಧ ನಿಂತರೆ 69ಕ್ಕೆ ಇಳಿಯುತ್ತದೆ, ಆ ದತ್ತಾಂಶ ಬಳಸಬೇಡಿ. ಇದು ಅಪರೂಪದ ಘಟನೆಗಳ ಸಂಭವ ಹೇಳುವ ಪಾಯ್ಸಾನ್ ಲೆಕ್ಕ. ಒಪ್ಪಬಹುದು, ಆದರೆ ಸಾಲದು.

ಸಾಲದ್ದಕ್ಕೆ ಇನ್ನೊಂದು ಪರೀಕ್ಷೆ ಸೇರಿಸಿ. ಬಳಿದ ಪಿ-ಸೆಲೆಕ್ಟಿನ್ ಇನ್ನೂ ಅರ್ಧ ಮಾಡಿ. ನಿಲ್ಲುವ ಮಣಿಗಳ ಸಂಖ್ಯೆ ಅರ್ಧವಾಗಬೇಕು, ಆದರೆ ಎಷ್ಟು ಹೊತ್ತು ನಿಲ್ಲುತ್ತವೆ ಎಂಬುದು ಬದಲಾಗಬಾರದು. ಹೊತ್ತೂ ಕಡಿಮೆಯಾದರೆ ಮೊದಲಿನದ್ದರಲ್ಲಿ ಒಂದಕ್ಕಿಂತ ಹೆಚ್ಚು ಕೈಗಳಿದ್ದವು ಎಂದರ್ಥ.

ಇನ್ನೊಂದು ತಕರಾರು ಬರುತ್ತದೆ, ಒಳ್ಳೆಯ ತಕರಾರು: “ಹರಿವು ಏರಿಸಿದರೆ ಬಲ ಮಾತ್ರ ಅಲ್ಲ, ಮಣಿಯ ವೇಗವೂ ಏರುತ್ತೆ. ಬದಲಾವಣೆ ಯಾವುದರಿಂದ?” ಬಫರಿಗೆ ಫೈಕಾಲ್ ಎಂಬ ಸಕ್ಕರೆಯ ಪಾಲಿಮರ್ ಕರಗಿಸಿ ದಪ್ಪ ಮಾಡಿ. ಈಗ ಅದೇ ವೇಗದಲ್ಲಿ ಬಲ ಜಾಸ್ತಿ. ತೆಳು ಬಫರ್ ಮತ್ತು ದಪ್ಪ ಬಫರ್ ಎರಡರ ಆಯಸ್ಸನ್ನೂ ಬಲದ ಎದುರು ಬರೆದಾಗ ಒಂದೇ ಗೆರೆಯ ಮೇಲೆ ಕೂತರೆ ಕಾರಣ ಬಲವೇ. ವೇಗದ ಎದುರು ಬರೆದಾಗ ಕೂತರೆ ನಿಮ್ಮ ಕ್ಯಾಚ್ ಬಾಂಡ್ ಕಥೆ ಮುಗಿಯಿತು.

ಆಯಸ್ಸು ಲೆಕ್ಕ ಹಾಕುವುದು, ಮತ್ತು ನನ್ನ ಸುಳ್ಳು ಕ್ಯಾಚ್ ಬಾಂಡ್

ನಿಂತ ಹೊತ್ತುಗಳ ಸರಾಸರಿ ತೆಗೆದರೆ ಆಯಿತಲ್ಲ? ನಾನೂ ಹಾಗೇ ಮಾಡಿದ್ದೆ. ಸೇರಿದ ಎರಡನೇ ವರ್ಷ. ಬೇರೆ ಒಂದು ಪ್ರೋಟೀನ್ ಜೋಡಿ, ಎಲ್ಲರೂ ಸ್ಲಿಪ್ ಎಂದುಕೊಂಡಿದ್ದದ್ದು. ನನ್ನ ಗ್ರಾಫ್ ಏರಿತು. ಕಡಿಮೆ ಬಲದಲ್ಲಿ ಕಡಿಮೆ, ಜಾಸ್ತಿ ಬಲದಲ್ಲಿ ಜಾಸ್ತಿ. ರಾತ್ರಿ ಮನೆಗೆ ಫೋನ್ ಮಾಡಿ ಅಪ್ಪನಿಗೆ ಹೇಳಿಬಿಟ್ಟೆ. ಅವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಪಕ್ಕದ ಮನೆಯವರಿಗೆಲ್ಲ ಮಗಳು ಏನೋ ಕಂಡುಹಿಡಿದಳು ಎಂದು ಸಾರಿದರು.

ಮೂರು ವಾರ ಆದ ಮೇಲೆ ತಪ್ಪು ಸಿಕ್ಕಿತು. ಹಾರ್ಡ್‌ಡಿಸ್ಕ್ ತುಂಬುತ್ತಾ ಬಂದಿತ್ತು. ಜಾಗ ಉಳಿಸಲು ಕೊನೆಯ ಎರಡು ಮೆಟ್ಟಿಲಿಗೆ ಕ್ಯಾಮೆರಾವನ್ನು ಸೆಕೆಂಡಿಗೆ 250ರಿಂದ 50 ಚಿತ್ರಕ್ಕೆ ಇಳಿಸಿದ್ದೆ. ನನ್ನ ಪ್ರೋಗ್ರಾಂ ಐದು ಚಿತ್ರಗಳಲ್ಲಿ ಮಣಿ ಅಲ್ಲೇ ಇದ್ದರೆ ಮಾತ್ರ ಅದನ್ನು ನಿಲುಗಡೆ ಎನ್ನುತ್ತಿತ್ತು. ಅಂದರೆ ಮೊದಲ ಮೆಟ್ಟಿಲುಗಳಲ್ಲಿ 0.02 ಸೆಕೆಂಡಿನ ನಿಲುಗಡೆಯೂ ಲೆಕ್ಕಕ್ಕೆ ಬರುತ್ತಿತ್ತು, ಕೊನೆಯವುಗಳಲ್ಲಿ 0.1 ಸೆಕೆಂಡ್ ದಾಟಿದವು ಮಾತ್ರ. ಚಿಕ್ಕವು ಎಲ್ಲ ಸೋರಿಹೋಗಿ ಉಳಿದದ್ದು ಉದ್ದದವು. ಸರಾಸರಿ ಸರಿಯಾಗಿ 0.08 ಸೆಕೆಂಡ್ ಏರಿತ್ತು. ನಾನು ಕಂಡುಹಿಡಿದದ್ದು ಆ 0.08. ಅಪ್ಪನಿಗೆ ಇದನ್ನು ಇನ್ನೂ ಹೇಳಿಲ್ಲ.

ಅದಕ್ಕೇ ಸರಾಸರಿ ಬೇಡ. ಹೀಗೆ ಮಾಡಿ: ಒಂದು ಮೆಟ್ಟಿಲಿನ ಎಲ್ಲ ನಿಲುಗಡೆಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಪ್ರತಿ ಗಳಿಗೆಗೂ, ಅಷ್ಟು ಹೊತ್ತು ದಾಟಿ ಇನ್ನೂ ಹಿಡಿದುಕೊಂಡೇ ಇರುವವು ಎಷ್ಟು ಎಂದು ಎಣಿಸಿ. ಆ ಎಣಿಕೆಯ ಲಾಗರಿದಮ್ ಅನ್ನು ಹೊತ್ತಿನ ಎದುರು ಬರೆಯಿರಿ. ಒಂದೇ ಬಗೆಯ ಬಂಧವಾದರೆ ನೇರ ಗೆರೆ ಬರುತ್ತದೆ. ಇಳಿಜಾರು ಎಷ್ಟು ಕಡಿದೋ ಆಯಸ್ಸು ಅಷ್ಟು ಚಿಕ್ಕದು. 200ರಲ್ಲಿ 0.2 ಸೆಕೆಂಡ್ ದಾಟಿದವು 100, 0.4 ದಾಟಿದವು 50 ಎಂದಿಟ್ಟುಕೊಳ್ಳಿ. ಅರ್ಧಾಯುಷ್ಯ 0.2, ಅದನ್ನು 0.693ರಿಂದ ಭಾಗಿಸಿದರೆ ಆಯಸ್ಸು 0.29 ಸೆಕೆಂಡ್. ಮೊದಲ ಚಿಕ್ಕವು ಸೋರಿಹೋಗಿದ್ದರೂ ನೇರ ಗೆರೆಯ ಇಳಿಜಾರು ಬದಲಾಗುವುದಿಲ್ಲ. ಗೆರೆ ಬಾಗಿ ಬಾಲ ಎಳೆದರೆ ಎರಡು ಬಗೆಯ ಬಂಧಗಳಿವೆ, ಇಲ್ಲವೇ ಎರಡು ಕೈಗಳಿವೆ. ಹಿಂದಿನ ಪರೀಕ್ಷೆಗಳಿಗೆ ಮರಳಿ ಹೋಗಿ.

ಕೊನೆಗೆ ಎಲ್ಲ ಮೆಟ್ಟಿಲುಗಳ ಆಯಸ್ಸನ್ನು ಬಲದ ಎದುರು ಬರೆಯಿರಿ. ಗೆರೆ ಏರಿ ಇಳಿದರೆ ಕುಣಿಕೆ, ಇಳಿಯುತ್ತಲೇ ಹೋದರೆ ಲಾಡಿ.

ಬೇರೆ ಜೋಡಿ ಹಿಡಿದರೆ

ಇದೇ ಚೇಂಬರಿನಲ್ಲಿ ಇನ್ನೂ ಹಲವನ್ನು ನೋಡಬಹುದು. ನನಗೆ ತುಂಬ ಇಷ್ಟವಾದದ್ದು ಇ. ಕೋಲೈ (E. coli) ಬ್ಯಾಕ್ಟೀರಿಯಾದ ಫಿಮ್‌ಎಚ್ ಎಂಬ ಪ್ರೋಟೀನ್. ಮೂತ್ರನಾಳದಲ್ಲಿ ಹರಿವು ಬಂದಾಗ ಕೊಚ್ಚಿಹೋಗದೆ ಬ್ಯಾಕ್ಟೀರಿಯಾ ಉಳಿಯುವುದು ಇದರಿಂದ. ಇದು ಹಿಡಿಯುವುದು ಮ್ಯಾನೋಸ್ ಎಂಬ ಸಕ್ಕರೆಯನ್ನು. ಅಮೆರಿಕದ ಸಿಯಾಟಲ್‌ನಲ್ಲಿ ವೆಂಡಿ ಥಾಮಸ್, ವಿಯೋಲಾ ವೋಗಲ್, ಎವ್ಗೆನಿ ಸೊಕುರೆಂಕೊ ಮತ್ತು ಸಂಗಡಿಗರು 2002ರಲ್ಲಿ ಹರಿವು ಏರಿಸಿದಾಗ ಅಂಟು ಹೆಚ್ಚುವುದನ್ನು ತೋರಿಸಿದರು. ಫಿಮ್‌ಎಚ್‌ಗೆ ಎರಡು ಭಾಗ. ಎಳೆತವಿಲ್ಲದಾಗ ಎರಡೂ ಒಂದಕ್ಕೊಂದು ಒತ್ತಿಕೊಂಡು ಸಕ್ಕರೆಯ ಜೇಬನ್ನು ಸಡಿಲ ಇಡುತ್ತವೆ. ಎಳೆದಾಗ ಬೇರೆಯಾಗುತ್ತವೆ, ಜೇಬು ಬಿಗಿಯುತ್ತದೆ. ಕುಣಿಕೆ ಹೇಗೆ ಕೆಲಸ ಮಾಡುತ್ತದೆ ಎಂದು ಇಷ್ಟು ಚೆನ್ನಾಗಿ ಬಿಡಿಸಿ ಹೇಳಬಹುದಾದ ಜೋಡಿ ಕಡಿಮೆ. ಗಾಜಿಗೆ ಮ್ಯಾನೋಸ್ ಇರುವ ಪ್ರೋಟೀನ್ ಬಳಿಯಿರಿ, ಬರಿಯ ಮ್ಯಾನೋಸ್ ಕರಗಿಸಿ ಹರಿಸಿದರೆ ಅಂಟುವುದು ತಪ್ಪಬೇಕು. ಇಡಿಟಿಎ ಬದಲು ಇಲ್ಲಿ ಇದೇ ಪರೀಕ್ಷೆ.

ಕೋಶದ ಮೈಮೇಲಿನ ಇಂಟಿಗ್ರಿನ್ ಮತ್ತು ಕೋಶದ ಹೊರಗಿನ ಜಾಲದ ಫೈಬ್ರೊನೆಕ್ಟಿನ್ ಜೋಡಿಗೆ ಈ ಚೇಂಬರ್ ಹೊಂದುವುದು ಕಷ್ಟ. ಅದರ ಏರಿಕೆ 10ರಿಂದ 30 ಪಿಕೋನ್ಯೂಟನ್ ನಡುವೆ ಎಂದು 2009ರಲ್ಲಿ ಎಎಫ್‌ಎಂನಲ್ಲಿ ಕಂಡದ್ದು, ಆದರೆ ಆಯಸ್ಸು ಸೆಕೆಂಡುಗಳಲ್ಲಿ. ಜತೆಗೆ ಓಡುವ ಮಣಿಯನ್ನು ಹಿಡಿಯುವಷ್ಟು ಚುರುಕು ಅದಕ್ಕಿಲ್ಲ. ಕೋಶ ಕೋಶವನ್ನು ಹಿಡಿದಿಡುವ ಕ್ಯಾಡ್ಹೆರಿನ್ ಇನ್ನೂ ಮಜಾ. ಸಬ್ಯಸಾಚಿ ರಕ್ಷಿತ್, ಸಂಜೀವಿ ಶಿವಶಂಕರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದಂತೆ ಒಂದೇ ಪ್ರೋಟೀನ್ ಒಂದು ಭಂಗಿಯಲ್ಲಿ ಹಿಡಿದರೆ ಕುಣಿಕೆ, ಇನ್ನೊಂದು ಭಂಗಿಯಲ್ಲಿ ಲಾಡಿ. ಅಲ್ಲಿ ಯಾವ ಭಂಗಿ ಎಂದು ಖಚಿತವಿಲ್ಲದೆ ಆಯಸ್ಸು ಅಳೆದು ಪ್ರಯೋಜನವಿಲ್ಲ.

ಟ್ಯಾಲಿನ್ ಎಂಬ ಪ್ರೋಟೀನ್ ಬಗ್ಗೆ ಕೇಳುವವರಿಗೆ ಒಂದು ಮಾತು. ಅದು ಬೇರೆ ಆಟ. ಕೋಶದೊಳಗೆ ಅದನ್ನು ಎಳೆದಾಗ ಮಡಿಕೆ ಬಿಚ್ಚಿ, ಒಳಗೆ ಅಡಗಿದ್ದ ಜಾಗಗಳು ಹೊರಬಂದು ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಅಲ್ಲಿಗೆ ಬಂದು ಕೂರುತ್ತದೆ. ಬಲ ಹೊಸ ಬಂಧವನ್ನೇ ಹುಟ್ಟಿಸುತ್ತದೆ. ಅದಕ್ಕೆ ಕಾಂತದ ಚಿಮಟ (ಅಯಸ್ಕಾಂತದಿಂದ ಎಳೆಯುವ ಉಪಕರಣ) ಬೇಕು, ಈ ಚೇಂಬರ್ ಸಾಲದು.

ಎಣಿಸುವಾಗ

ಗ್ರಾಫ್ ಬಂದ ಮೇಲೆ ಒಂದು ಕೆಲಸ ಉಳಿಯುತ್ತದೆ. ವಿಡಿಯೋ ಫೈಲುಗಳ ಹೆಸರು ಬದಲಿಸಿ, ಯಾವುದು ಯಾವ ಬಲದ್ದು ಎಂದು ಗೊತ್ತಾಗದಂತೆ ಮಾಡಿ, ಬೇರೆಯವರಿಗೆ ಎಣಿಸಲು ಕೊಡಿ. ನಾನು ಕಾಯಿಪಲ್ಲೆ ಹೆಸರಿಡುತ್ತೇನೆ: ಹೀರೆ, ಬದನೆ, ತೊಂಡೆ. ಈ ಸಲ ಬಂದ ಹುಡುಗ ಎರಡು ದಿನ ಕೂತು ಆರು ಫೈಲು ಎಣಿಸಿಕೊಟ್ಟ. ಐದರಲ್ಲಿ ಅವನ ಆಯಸ್ಸೂ ನನ್ನದೂ ತಪ್ಪಿನ ಮಿತಿಯೊಳಗೆ ಹೊಂದಿದವು. ಬದನೆಯಲ್ಲಿ ಅವನದ್ದು ನನ್ನದರ ಅರ್ಧ. ಇಬ್ಬರೂ ಕೂತು ವಿಡಿಯೋ ನೋಡಿದೆವು. ಎರಡು ಮಣಿ ಒಂದಕ್ಕೊಂದು ಅಂಟಿ ಜೋಡಿಯಾಗಿ ಓಡುತ್ತಿದ್ದವು, ಅವುಗಳ ಉದ್ದನೆಯ ನಿಲುಗಡೆಗಳನ್ನು ನಾನು ಎಣಿಸಿದ್ದೆ, ಅವನು ಬಿಟ್ಟಿದ್ದ. ಬಿಟ್ಟದ್ದೇ ಸರಿ. ಮಣಿಗಳನ್ನು ಬಳಸುವ ಮೊದಲು ಸೋನಿಕೇಟರಿನಲ್ಲಿ (ಶಬ್ದದ ಅಲೆಗಳಿಂದ ಅಲುಗಿಸುವ ಯಂತ್ರ) ಒಂದು ನಿಮಿಷ ಇಟ್ಟು ಬಿಡಿಸಬೇಕಿತ್ತು, ಅವತ್ತು ಬಿಟ್ಟುಹೋಗಿತ್ತು. ಸೋಮವಾರ ಬದನೆ ಮತ್ತೆ ಮಾಡುತ್ತಿದ್ದೇವೆ.